ಬೈಯರ್ ಕೋಡ್‌ಗೆ ಸಹಿ ಹಾಕಿದ ಮೇಲೆ ನಮ್ಮ ಯೂನಿಟ್‌ನಲ್ಲಿ ಆದದ್ದು

2018ರ ಜನವರಿಯಲ್ಲಿ ನಮ್ಮ ಯೂನಿಟ್‌ಗೆ 22 ಪುಟದ ಒಂದು ಕಾಗದ ಬಂತು. ಸಪ್ಲೈಯರ್ ಕೋಡ್ ಆಫ್ ಕಂಡಕ್ಟ್, ಅಂದರೆ ಮಾಲು ಮಾಡಿಕೊಡುವವರು ಪಾಲಿಸಬೇಕಾದ ನಿಯಮಗಳು. ನಾವು ಜಾಬ್‌ವರ್ಕ್ (ಅವರು ಕೊಟ್ಟ ಬಟ್ಟೆಯನ್ನು ಕೂಲಿಗೆ ಹೊಲಿಯುವ ಕೆಲಸ) ಮಾಡಿಕೊಡುತ್ತಿದ್ದ ಎಕ್ಸ್‌ಪೋರ್ಟರ್ ಕಳಿಸಿದ್ದರು. ಅವರಿಗೆ ಅದು ಯುರೋಪಿನ ಬೈಯರ್‌ನಿಂದ ಬಂದಿತ್ತು. ಕೊನೇ ಪುಟದಲ್ಲಿ ಸಹಿ ಮತ್ತು ಸೀಲು ಬೇಕಿತ್ತು. ಆ ವಾರ ಶಿಪ್‌ಮೆಂಟ್ ಇತ್ತು, ಓದದೇ ಹಾಕಿ ಕಳಿಸಿದೆ. ಒಂದು ತಿಂಗಳು ಕಳೆದ ಮೇಲೆ ಫೋನ್ ಬಂತು: ಮಾರ್ಚ್‌ನಲ್ಲಿ ಆಡಿಟ್, ಅಂದರೆ ಕೋಡ್ ಪಾಲಿಸುತ್ತಿದ್ದೇವಾ ಅನ್ನುವ ತಪಾಸಣೆ.

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಶರ್ಟ್ ಹೊಲಿಯುವ ಯೂನಿಟ್. ಎರಡು ಲೈನ್ (ಹೊಲಿಗೆ ಮಷಿನ್‌ಗಳ ಸಾಲು), 72 ಜನ. ಅದರಲ್ಲಿ 58 ಹೆಂಗಸರು. ಮಾಗಡಿ, ನೆಲಮಂಗಲ, ತುಮಕೂರು ಕಡೆಯಿಂದ ಬರುವವರೇ ಜಾಸ್ತಿ.

ಆ ರಾತ್ರಿ ಕೋಡನ್ನು ಮೊದಲ ಸಲ ಪೂರ್ತಿ ಓದಿದೆ. ವಿದೇಶದವರು ಏನೋ ಹೊಸ ನಿಯಮ ಹೇರುತ್ತಿದ್ದಾರೆ ಅಂತ ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ವಾರಕ್ಕೆ 48 ಗಂಟೆ, ಅದಕ್ಕೆ ಮೇಲಿನದಕ್ಕೆ ದುಪ್ಪಟ್ಟು ಓಟಿ (ಹೆಚ್ಚುವರಿ ಗಂಟೆಯ ಕೂಲಿ), ವಾರಕ್ಕೊಂದು ರಜೆ: ಇವೆಲ್ಲ 1948ರ ಫ್ಯಾಕ್ಟರೀಸ್ ಆ್ಯಕ್ಟ್‌ನಲ್ಲೇ ಇದ್ದವು. ತಿಂಗಳ 7ನೇ ತಾರೀಖಿನೊಳಗೆ ಸಂಬಳ, ಪಿಎಫ್, ಇಎಸ್‌ಐ, ಮಹಿಳೆಯರ ದೂರು ಕೇಳಲು ಒಂದು ಸಮಿತಿ, 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುವಿಹಾರ. ಎಲ್ಲವೂ ನಮ್ಮ ದೇಶದ ಕಾನೂನೇ. ನಾವು ಪಾಲಿಸುತ್ತಿರಲಿಲ್ಲ, ಅಷ್ಟೇ.

ಮುಖ್ಯ ತೊಂದರೆ ಇದ್ದದ್ದು ಓಟಿಯಲ್ಲಿ. ಶಿಪ್‌ಮೆಂಟ್ ವಾರ ಬಂದರೆ ರಾತ್ರಿ ಎಂಟರವರೆಗೆ ಲೈನ್ ಓಡುತ್ತಿತ್ತು. ಆ ದುಡ್ಡನ್ನು ದುಪ್ಪಟ್ಟಿನ ಬದಲು ಒಂದಕ್ಕೊಂದರ ಲೆಕ್ಕದಲ್ಲಿ ಚೀಟಿ ಬರೆದು ಕೈಗೆ ಕೊಡುತ್ತಿದ್ದೆವು. ರಿಜಿಸ್ಟರ್‌ನಲ್ಲಿ ಅದು ಬರುತ್ತಲೇ ಇರಲಿಲ್ಲ.

ಪರಿಚಯದವರ ಮೂಲಕ ಒಬ್ಬ ಕನ್ಸಲ್ಟೆಂಟ್ ಸಿಕ್ಕರು. ನಾಲ್ಕೇ ದಿನದಲ್ಲಿ ಒಂದು ವರ್ಷದ ಹೊಸ ಮಸ್ಟರ್ ರೋಲ್ (ಹಾಜರಿ ಪುಸ್ತಕ) ತಯಾರು ಮಾಡಿಕೊಟ್ಟರು. ಎಲ್ಲರೂ ಬೆಳಿಗ್ಗೆ 9ಕ್ಕೆ ಒಳಗೆ, ಸಂಜೆ 5:30ಕ್ಕೆ ಹೊರಗೆ. "ಎಲ್ಲರೂ ಮಾಡೋದು ಇದೇ ಸರ್, ಯೋಚನೆ ಮಾಡಬೇಡಿ" ಅಂದರು. ನಾನು ದುಡ್ಡು ಕೊಟ್ಟು ತಗೊಂಡೆ.

ಆಡಿಟ್‌ಗೆ ಐದು ದಿನ ಇದ್ದಾಗ ಬೇರೆ ಫೈಲ್‌ಗಳನ್ನು ಜೋಡಿಸುತ್ತಿದ್ದೆ. ಮುರಿದ ಸೂಜಿಯ ರಿಜಿಸ್ಟರ್ ಕೈಗೆ ಬಂತು. ಗಾರ್ಮೆಂಟ್ಸ್‌ನಲ್ಲಿ ಇರುವವರಿಗೆ ಇದು ಗೊತ್ತು. ಮಷಿನ್‌ನಲ್ಲಿ ಸೂಜಿ ಮುರಿದರೆ ಎಲ್ಲ ಚೂರೂ ಸಿಗಬೇಕು. ಸಿಕ್ಕ ಚೂರುಗಳನ್ನು ಟೇಪ್ ಹಾಕಿ ಪುಟಕ್ಕೆ ಅಂಟಿಸಬೇಕು. ಪಕ್ಕದಲ್ಲಿ ತಾರೀಖು, ಸಮಯ, ಮಷಿನ್ ನಂಬರ್, ಟೈಲರ್ ಹೆಸರು, ಸಹಿ. ಆಮೇಲಷ್ಟೇ ಹೊಸ ಸೂಜಿ ಕೊಡುವುದು. ಒಂದು ಚೂರು ಸಿಗದಿದ್ದರೂ ಆ ಬಂಡಲ್ ಪೂರ್ತಿ ಬೇರೆ ಇಟ್ಟು ಮೆಟಲ್ ಡಿಟೆಕ್ಟರ್‌ಗೆ ಹಾಕಬೇಕು. ಯಾರದೋ ಮಗುವಿಗೆ ಆ ಬಟ್ಟೆಯಿಂದ ಸೂಜಿ ಚುಚ್ಚಬಾರದು ಅಲ್ವಾ?

ನಮ್ಮ ರಿಜಿಸ್ಟರ್ ಚೊಕ್ಕವಾಗಿತ್ತು. ನವೆಂಬರ್ ತಿಂಗಳ ಪುಟ ತೆಗೆದೆ. 11 ನಂಬರ್ ಸೂಜಿ, ಮೂರು ಚೂರು, ಟೇಪಿನ ಕೆಳಗೆ ಹೊಳೆಯುತ್ತಿದ್ದವು. ಸಮಯ: ಸಂಜೆ 7:40. ಅದರ ಕೆಳಗೆ ಇನ್ನೊಂದು, 7:55. ಮರುದಿನ 8:10. ಕನ್ಸಲ್ಟೆಂಟ್ ಮಾಡಿಕೊಟ್ಟ ಮಸ್ಟರ್ ತೆಗೆದು ಪಕ್ಕದಲ್ಲಿಟ್ಟೆ. ಅದೇ ದಿನ, ಅದೇ ಟೈಲರ್, 5:30ಕ್ಕೆ ಮನೆಗೆ ಹೋಗಿದ್ದರು.

ಸಿಕ್ಕಿಬೀಳುತ್ತೇನೆ ಅನ್ನುವ ಭಯ ಮೊದಲು ಬಂತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡೂ ಪುಸ್ತಕ ನೋಡುತ್ತಾ ಕೂತಾಗ ಬೇರೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಸೂಜಿಯ ಒಂದೊಂದು ಚೂರಿಗೂ ನಿಮಿಷದ ಲೆಕ್ಕ ಬರೆದಿದ್ದೇವೆ. ಆ ಸೂಜಿಯ ಮುಂದೆ ಕೂತವಳ ಎರಡೂವರೆ ಗಂಟೆಯ ಲೆಕ್ಕ ಎಲ್ಲೂ ಇಲ್ಲ.

ಅವತ್ತೇ ಮಧ್ಯಾಹ್ನ ಹಿರಿಯ ಟೈಲರ್ ಒಬ್ಬರು ಬಂದು ಕೇಳಿದರು, "ಆಡಿಟ್‌ನವರು ಕೇಳಿದ್ರೆ ಏನು ಹೇಳ್ಬೇಕು ಸರ್? ಎಲ್ರೂ ಒಂದೇ ಥರ ಹೇಳ್ಬೇಕಲ್ವಾ, ಹೇಳಿಕೊಡಿ." ನನಗೆ ತಲೆ ಎತ್ತಲು ಆಗಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿ ಅಕ್ಕ" ಅಂದೆ. ಹೊಸ ಮಸ್ಟರ್ ಹರಿದು ಹಾಕಿದೆ.

ಆಡಿಟರ್‌ಗಳು ಇಬ್ಬರು ಬಂದರು. ಬಂದ ತಕ್ಷಣ ಓಟಿ ಚೀಟಿಗಳ ಕಟ್ಟನ್ನು ಅವರ ಮುಂದಿಟ್ಟು, ನಾವು ಹೀಗೆ ಮಾಡುತ್ತಿದ್ದೇವೆ ಅಂತ ಹೇಳಿದೆ. ಅವರು ಫ್ಲೋರ್ ಸುತ್ತಿದರು. ನಮ್ಮನ್ನು ಹೊರಗಿಟ್ಟು ಕೆಲಸಗಾರರ ಜೊತೆ ಕನ್ನಡದಲ್ಲೇ ಮಾತಾಡಿದರು. ಮಧ್ಯಾಹ್ನ ಒಬ್ಬರು ಸೂಜಿ ರಿಜಿಸ್ಟರ್ ತೆಗೆದು ಸಮಯದ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತಾ ಹೋದರು. ನಾನು ಊಹಿಸಿದ್ದು ನಿಜವಾಗಿತ್ತು. ಅವರು ಹೋಲಿಸುವುದೇ ಹೀಗೆ.

ವರದಿಯಲ್ಲಿ 11 ತಪ್ಪು ಬಂದವು. ಓಟಿ ದೊಡ್ಡದು. ಹೊಸ ಹೆಲ್ಪರ್‌ಗಳನ್ನು "ಮೂರು ತಿಂಗಳು ನೋಡೋಣ" ಅಂತ ಇಎಸ್‌ಐಗೆ ಸೇರಿಸದೇ ಇಟ್ಟಿದ್ದೆವು. ಮೊದಲ ದಿನದಿಂದಲೇ ಸೇರಿಸಬೇಕು. ಹಿಂದಿನ ಬಾಗಿಲಿಗೆ ಅಡ್ಡ ಕಾರ್ಟನ್ ಪೇರಿಸಿದ್ದೆವು. ಶಿಶುವಿಹಾರ ಕಾಗದದ ಮೇಲಿತ್ತು, ಕೋಣೆ ಗೋಡೌನ್ ಆಗಿತ್ತು. ಸರಿಪಡಿಸಲು 90 ದಿನ ಕೊಟ್ಟರು. ಆರ್ಡರ್ ಹೋಗಲಿಲ್ಲ. ಸುಳ್ಳು ದಾಖಲೆ ಸಿಕ್ಕಿದ್ದರೆ ಖಂಡಿತ ಹೋಗುತ್ತಿತ್ತು ಅಂತ ಆಮೇಲೆ ಆಡಿಟರೇ ಹೇಳಿದರು.

ಬಾಗಿಲ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಕಟ್ಟಡದಲ್ಲಿ ಬಿರುಕು ಕಂಡಿತ್ತು. ಆದರೂ ಗಾರ್ಮೆಂಟ್ಸ್ ಕೆಲಸಗಾರರನ್ನು ಒಳಗೆ ಕರೆಸಿದ್ದರು. ಅಲ್ಲಿನ ಕೆಲವು ಫ್ಯಾಕ್ಟರಿಗಳಲ್ಲಿ ಅದಕ್ಕೂ ಮೊದಲು ಆಡಿಟ್ ನಡೆದು ಹೋಗಿತ್ತು. ಹಾಗಾಗಿ ಆಡಿಟ್ ಮುಗಿದ ಮಾರನೇ ದಿನ ಕಾರ್ಟನ್ ಮತ್ತೆ ಬಾಗಿಲಿಗೆ ಬಂದರೆ ಆ ಸರ್ಟಿಫಿಕೇಟ್‌ಗೆ ಏನು ಬೆಲೆ? ಈಗಲೂ ಬೆಳಿಗ್ಗೆ ಯೂನಿಟ್‌ಗೆ ಹೋದರೆ ನಾನು ಮೊದಲು ಹಿಂದಿನ ಬಾಗಿಲನ್ನು ತಳ್ಳಿ ನೋಡುತ್ತೇನೆ.

ಇನ್ನು ಓಟಿ. ತಿಂಗಳಿಗೆ 8,320 ರೂಪಾಯಿ ಸಂಬಳ ಅಂತ ಇಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ 320, ಗಂಟೆಗೆ 40. ದುಪ್ಪಟ್ಟು ಅಂದರೆ 80. 60 ಜನ, ದಿನಕ್ಕೆ ಎರಡು ಗಂಟೆ, ತಿಂಗಳಲ್ಲಿ 12 ದಿನ: 1,440 ಗಂಟೆ. ನಾನು ಕೊಡುತ್ತಿದ್ದದ್ದು 57,600, ಕೊಡಬೇಕಾದದ್ದು 1,15,200. ನಮ್ಮಂಥ ಯೂನಿಟ್‌ಗೆ ಅದು ಸಣ್ಣ ಮೊತ್ತ ಅಲ್ಲ. ಕೊಟ್ಟೆ. ಆದರೆ ಮೂರು ತಿಂಗಳು ಹಾಗೆ ಕೊಟ್ಟರೆ ಬಾಗಿಲು ಮುಚ್ಚಬೇಕಾಗುತ್ತದೆ ಅಂತಲೂ ಗೊತ್ತಾಯಿತು. ಅದಕ್ಕೇ ಓಟಿ ಯಾಕೆ ಬರುತ್ತಿದೆ ಅಂತ ಹುಡುಕಲು ಕೂತೆ.

ಒಂದು ಹಾಳೆಯಲ್ಲಿ ಪ್ರತಿ ಆರ್ಡರಿನ ಮೂರು ತಾರೀಖು ಬರೆದೆ. ಎಕ್ಸ್‌ಪೋರ್ಟರ್ ಕಟಿಂಗ್ (ಹೊಲಿಯಲು ಕತ್ತರಿಸಿದ ಬಟ್ಟೆ) ಕೊಡುತ್ತೇವೆ ಅಂದ ದಿನ, ನಿಜವಾಗಿ ಬಂದ ದಿನ, ಶಿಪ್‌ಮೆಂಟ್ ದಿನ. ಆರು ಆರ್ಡರಿನಲ್ಲಿ ಐದಕ್ಕೆ ಕಟಿಂಗ್ ಅಥವಾ ಬಟನ್, ಲೇಬಲ್ ತಡವಾಗಿ ಬಂದಿದ್ದವು. ಶಿಪ್‌ಮೆಂಟ್ ದಿನ ಮಾತ್ರ ಒಂದು ದಿನವೂ ಮುಂದೆ ಹೋಗಿರಲಿಲ್ಲ. ಆ ತಡವನ್ನೆಲ್ಲ ತುಂಬಿಕೊಟ್ಟವರು ರಾತ್ರಿ ಎಂಟರವರೆಗೆ ಕೂತ ನಮ್ಮ ಹೆಂಗಸರು.

ಹಾಳೆ ಹಿಡಿದು ಎಕ್ಸ್‌ಪೋರ್ಟರ್ ಹತ್ತಿರ ಹೋದೆ. ಕೋಡ್‌ನಲ್ಲಿ ನೀವೇ ವಾರಕ್ಕೆ ಓಟಿ ಸೇರಿ 60 ಗಂಟೆ ದಾಟಬಾರದು ಅಂತೀರಿ, ಕಟಿಂಗ್ ತಡ ಮಾಡಿ ತಾರೀಖು ಬದಲಿಸಲ್ಲ ಅಂತೀರಿ, ಎರಡೂ ಒಟ್ಟಿಗೆ ಆಗಲ್ಲ ಅಂದೆ. ಮೊದಲ ಸಲ ಕಾಫಿ ಕುಡಿಸಿ ಕಳಿಸಿದರು. ಮೂರನೇ ಸಲ ಹೋದಾಗ ಒಪ್ಪಿದರು: ಕಟಿಂಗ್ ಎರಡು ದಿನಕ್ಕಿಂತ ತಡವಾದರೆ ತಾರೀಖು ಮುಂದೆ ಹೋಗಬೇಕು, ಇಲ್ಲಾ ದುಪ್ಪಟ್ಟು ಓಟಿಯನ್ನು ಪೀಸ್ ರೇಟ್‌ಗೆ (ಒಂದು ಶರ್ಟಿಗೆ ನಮಗೆ ಕೊಡುವ ದರ) ಸೇರಿಸಬೇಕು. ಅದನ್ನು ಬರವಣಿಗೆಯಲ್ಲಿ ತಗೊಂಡೆ. ಇದನ್ನು ಓದುತ್ತಿರುವ ಸಣ್ಣ ಯೂನಿಟ್‌ನವರಿಗೆ ನಾನು ಹೇಳುವುದು ಇದನ್ನೇ. ಆಡಿಟ್‌ಗೆ ಫೈಲ್ ಜೋಡಿಸುವ ಮೊದಲು ಈ ಹಾಳೆ ಬರೆಯಿರಿ.

ಬಿಲ್ಲಿನ ವಿಷಯವೂ ಹಾಗೇ. 7ನೇ ತಾರೀಖಿಗೆ ಸಂಬಳ ಕೊಡಿ ಅನ್ನುವವರು ನಮ್ಮ ಬಿಲ್ಲನ್ನು 90 ದಿನ ಇಟ್ಟುಕೊಳ್ಳುತ್ತಿದ್ದರು. ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾನೂನು ಹೇಳುತ್ತದೆ. ಪತ್ರ ಬರೆದೆ, ಸ್ವಲ್ಪ ಸುಧಾರಿಸಿತು. ನಿಜವಾದ ಬದಲಾವಣೆ ಬಂದದ್ದು 2024ರಲ್ಲಿ. ಗಡುವು ಮೀರಿದ ಬಾಕಿಯನ್ನು ಆ ವರ್ಷದ ಖರ್ಚಿನಲ್ಲಿ ತೋರಿಸಲು ಇನ್‌ಕಂ ಟ್ಯಾಕ್ಸ್ ನಿಯಮ ಬಿಡುವುದಿಲ್ಲ ಅಂತಾದ ಮೇಲೆ ಅವರ ಅಕೌಂಟ್ಸ್‌ನವರೇ ಫೋನ್ ಮಾಡಿ ಬಿಲ್ ಕೇಳತೊಡಗಿದರು. 2025ರ ನವೆಂಬರ್‌ನಲ್ಲಿ ಹಳೇ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಲೇಬರ್ ಕೋಡ್‌ಗಳು ಬಂದಿವೆ. ಓಟಿಗೆ ದುಪ್ಪಟ್ಟು ಅನ್ನುವುದು ಅದರಲ್ಲೂ ಇದೆ.

ಇನ್ನೊಂದು ಕಲಮು ಲಂಚದ್ದು. ಫೈನಲ್ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಕವರ್ ಕೊಡುವ ರೂಢಿ ನಮ್ಮಲ್ಲೂ ಇತ್ತು. ನಿಲ್ಲಿಸಿದೆ. ಮುಂದಿನ ಲಾಟ್ ಎರಡು ಸಲ ಫೇಲ್ ಆಯಿತು. ಯಾವ ಪೀಸ್, ಯಾವ ಅಳತೆ, ಎಷ್ಟು ವ್ಯತ್ಯಾಸ ಅಂತ ಬರೆದುಕೊಡಿ ಅಂತ ಕೇಳಿದೆ. ಮೂರನೇ ಸಲ ಪಾಸಾಯಿತು.

ಕೋಡ್‌ನ ಪ್ರಕಾರ ನಾನು ಕೆಲಸ ಕೊಡುವವರಿಗೂ ಅದೇ ನಿಯಮ ಅನ್ವಯ. ಲಗ್ಗೆರೆಯಲ್ಲಿ ಎಂಟು ಜನರ ಎಂಬ್ರಾಯ್ಡರಿ ಯೂನಿಟ್ ಒಂದಿದೆ, ಪಾಕೆಟ್ ಕೆಲಸ ಅವರಿಗೆ ಕೊಡುತ್ತೇನೆ. ಚೆಕ್‌ಲಿಸ್ಟ್ ಹಿಡಿದು ಹೋದೆ. ಭಾನುವಾರ ಮಷಿನ್ ಓಡಿಸಬಾರದು ಅಂದೆ. ಯಜಮಾನರು ಏನೂ ಮಾತಾಡದೆ ನನ್ನದೇ ಡೆಲಿವರಿ ಚಲನ್‌ಗಳನ್ನು ತಂದು ಮುಂದಿಟ್ಟರು. ಶುಕ್ರವಾರ ಸಂಜೆ ಕೊಟ್ಟಿದ್ದೇನೆ, ಸೋಮವಾರ ಬೆಳಿಗ್ಗೆ ಕೇಳಿದ್ದೇನೆ. ಒಂದಲ್ಲ, ಒಂಬತ್ತು ಸಲ.

ಈಗ ಚಲನ್‌ನಲ್ಲಿ ಕೊಟ್ಟ ಸಮಯವನ್ನೂ ಬರೆಯುತ್ತೇವೆ, ಸೂಜಿ ರಿಜಿಸ್ಟರ್‌ನಲ್ಲಿ ಬರೆಯುವ ಹಾಗೇ. ಕಳೆದ ತಿಂಗಳು ಶನಿವಾರ ಅವರಿಗೆ ಫೋನ್ ಮಾಡಿದ್ದೆ. "ಸೋಮವಾರ ಆಗಲ್ಲ ಅಣ್ಣ, ಬುಧವಾರ ಕೊಡ್ತೀನಿ" ಅಂದರು. ಸರಿ ಅಂದೆ. ಫೋನ್ ಇಟ್ಟು ಎಕ್ಸ್‌ಪೋರ್ಟರ್‌ಗೆ ಮಾಡಿ, ನಮ್ಮ ಪೀಸ್ ಶುಕ್ರವಾರ ಬರುತ್ತೆ ಅಂತ ಹೇಳಿದೆ.