ನಗಿಸುವ ಪಾಡ್‌ಕಾಸ್ಟ್ ಹುಡುಕುವುದು ಹೇಗೆ, ಬೇರೆಯವರಿಗೆ ಹೇಳುವುದು ಹೇಗೆ

ಆ್ಯಪ್ ತೆಗೆದು, ಕಾಮಿಡಿ ವಿಭಾಗಕ್ಕೆ ಹೋಗಿ, ಮೇಲುಗಡೆ ಕಂಡದ್ದನ್ನು ಒತ್ತಿ, ಹತ್ತು ನಿಮಿಷ ಕೇಳಿ 'ಇದರಲ್ಲಿ ನಗೋಕೇನಿದೆ' ಅಂತ ಕೈಬಿಟ್ಟವರು ತುಂಬಾ ಜನ. ತಪ್ಪು ಅವರದಲ್ಲ. ತಮ್ಮ ಶೋ ಯಾವ ವಿಭಾಗಕ್ಕೆ ಸೇರಬೇಕು ಅಂತ ಆರಿಸುವವರು ಅದನ್ನು ಮಾಡುವವರೇ. ಹಾಗಾಗಿ ಸಂದರ್ಶನ, ಗಾಸಿಪ್, ಸಂಸಾರದ ಮಾತು, ಎಲ್ಲವೂ ಅಲ್ಲಿ ಬಂದು ಕೂತಿರುತ್ತವೆ. ಟಾಪ್ ಪಟ್ಟಿ ನೋಡಿದರೆ ಯಾರು ಈಗಾಗಲೇ ಫೇಮಸ್ ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಪಟ್ಟಿ ಬಿಡಿ, ಮನುಷ್ಯರನ್ನು ಹಿಡಿಯಿರಿ. ನಿಮ್ಮನ್ನು ಈಗಾಗಲೇ ನಗಿಸಿರುವ ಯಾರಾದರೂ ಒಬ್ಬರು ಇರುತ್ತಾರೆ ಅಲ್ವಾ, ಅವರ ಹೆಸರನ್ನು ಪಾಡ್‌ಕಾಸ್ಟ್ ಆ್ಯಪಿನಲ್ಲಿ ಹುಡುಕಿ. ಅವರದೇ ಶೋ ಇಲ್ಲದಿದ್ದರೂ ಯಾವುದೋ ಶೋಗೆ ಅತಿಥಿಯಾಗಿ ಹೋಗಿರುತ್ತಾರೆ. ಆ ಎಪಿಸೋಡು ಕೇಳಿ. ಅಲ್ಲಿ ಎದುರಿಗೆ ಕೂತು ಮಾತಾಡುವವರು ಇಷ್ಟವಾದರೆ ಅವರ ಜಾಡು ಹಿಡಿದು ಮುಂದಕ್ಕೆ ಹೋಗಿ.

ಈ ಜಾಡು ಎಲ್ಲಿಗೆಲ್ಲ ಕರೆದುಕೊಂಡು ಹೋಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಬಿಬಿಸಿ ರೇಡಿಯೋದಲ್ಲಿ ಇಂಗ್ಲೆಂಡಿನ ಟೆಸ್ಟ್ ಮ್ಯಾಚು ಕೇಳುವವರಿಗೆ ಆ್ಯಂಡಿ ಜಾಲ್ಟ್ಸ್‌ಮನ್ ಗೊತ್ತು. ಅಂಕಿ-ಅಂಶ ಹೇಳುವವರು. ಅವರ ನಿಜವಾದ ಕಸುಬು ಕಾಮಿಡಿ. 2007ರಲ್ಲಿ ಇನ್ನೊಬ್ಬ ಕಮೆಡಿಯನ್ ಜಾನ್ ಆಲಿವರ್ ಜೊತೆ 'ದ ಬ್ಯೂಗಲ್' ಅನ್ನುವ ಪಾಡ್‌ಕಾಸ್ಟ್ ಶುರು ಮಾಡಿದರು. ವಾರದ ಸುದ್ದಿ ಹಿಡಿದು ಚೆನ್ನಾಗಿ ಕಾಲೆಳೆಯುವ ಕಾರ್ಯಕ್ರಮ. ಆಲಿವರ್ ಹೋದ ಮೇಲೆ, 2016ರಿಂದ, ಸರದಿಯ ಮೇಲೆ ಬೇರೆ ಬೇರೆ ಕಮೆಡಿಯನ್‌ಗಳು ಬಂದು ಕೂರುತ್ತಾರೆ. ನಮ್ಮ ದೇಶದ ಅನುವಬ್ ಪಾಲ್ ಅವರಲ್ಲಿ ಒಬ್ಬರು. ಆಸ್ಟ್ರೇಲಿಯಾದ ಆಲಿಸ್ ಫ್ರೇಸರ್ ಇಷ್ಟವಾದರೆ ಅವರ 'ದ ಗಾರ್ಗಲ್' ಇದೆ. ಅಲ್ಲಿಗೇ ಬರುವ ಬ್ರಿಟನ್ನಿನ ನಿಶ್ ಕುಮಾರ್ ಇಷ್ಟವಾದರೆ ಬ್ರಿಟನ್ ರಾಜಕೀಯದ ಬಗ್ಗೆ ಅವರು ಮಾಡುವ ಶೋ ಇದೆ. ಕ್ರಿಕೆಟ್‌ನಿಂದ ಹೊರಟವರು ಹೀಗೆ ನಾಲ್ಕೈದು ಒಳ್ಳೆಯ ಶೋಗಳಿಗೆ ತಲುಪುತ್ತಾರೆ, ಒಂದೇ ಒಂದು ಟಾಪ್ ಟೆನ್ ಪಟ್ಟಿ ನೋಡದೆ.

ಶೋ ಸಿಕ್ಕಿತು. ಎಲ್ಲಿಂದ ಶುರು ಮಾಡಬೇಕು? ಮೊದಲ ಎಪಿಸೋಡಿನಿಂದ ಬೇಡ. ಹೆಚ್ಚಿನವರು ಮೊದಮೊದಲು ತಡಕಾಡುತ್ತಾರೆ, ಮೈಕೂ ಚೆನ್ನಾಗಿರುವುದಿಲ್ಲ. ತೀರಾ ಹೊಸದೂ ಬೇಡ, ಯಾಕೆಂದರೆ ಹಳೆಯ ಜೋಕುಗಳ ಮೇಲೆ ಜೋಕು ಕಟ್ಟಿರುತ್ತಾರೆ, ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ. ಮಧ್ಯದಲ್ಲಿ ನಿಮಗೆ ಪರಿಚಯದ ಅತಿಥಿ ಬಂದಿರುವ ಒಂದನ್ನು ಆರಿಸಿ.

ಇದಕ್ಕೊಂದು ಅಪವಾದವಿದೆ. ಕಥೆ ಮುಂದುವರಿಯುತ್ತಾ ಹೋಗುವ ಶೋಗಳನ್ನು ಮೊದಲಿನಿಂದಲೇ ಕೇಳಬೇಕು. ಶಿಕಾಗೋದ ಇಂಪ್ರೊವ್ (ಮೊದಲೇ ಬರೆದಿಟ್ಟುಕೊಳ್ಳದೆ ಆಡುವ ಹಾಸ್ಯ) ಕಲಾವಿದರು 2015ರಲ್ಲಿ ಶುರು ಮಾಡಿದ 'ಹಲೋ ಫ್ರಮ್ ದ ಮ್ಯಾಜಿಕ್ ಟ್ಯಾವರ್ನ್' ನೋಡಿ. ಆರ್ನಿ ಅನ್ನುವವನು ಬರ್ಗರ್ ಕಿಂಗ್ ಹಿಂದುಗಡೆ ಇರುವ ಒಂದು ಮಾಯಾದ್ವಾರದೊಳಗೆ ಬಿದ್ದು ಫೂನ್ ಅನ್ನುವ ಲೋಕ ಸೇರುತ್ತಾನೆ. ಆ ಬರ್ಗರ್ ಕಿಂಗ್‌ನ ವೈಫೈ ಅಲ್ಲಿಗೂ ಸ್ವಲ್ಪ ಸಿಗುತ್ತದೆ. ಅದರಲ್ಲೇ ಪಾಡ್‌ಕಾಸ್ಟ್ ಅಪ್‌ಲೋಡ್ ಮಾಡುತ್ತಾ, ಪಕ್ಕದಲ್ಲಿ ಒಬ್ಬ ಮಾಂತ್ರಿಕನನ್ನೂ ರೂಪ ಬದಲಿಸುವ ಒಂದು ಪ್ರಾಣಿಯನ್ನೂ ಕೂರಿಸಿಕೊಂಡು, ಹೆಂಡದಂಗಡಿಯಲ್ಲಿ ಸಂದರ್ಶನ ಮಾಡುತ್ತಾನೆ. ಎಲ್ಲರೂ ಬಾಯಿಗೆ ಬಂದದ್ದನ್ನು ಆ ಕ್ಷಣದಲ್ಲೇ ಕಟ್ಟುತ್ತಾರೆ. ಆದರೆ ಒಮ್ಮೆ ಹೇಳಿದ್ದು ಆ ಲೋಕದಲ್ಲಿ ಸತ್ಯವಾಗಿ ಉಳಿಯುತ್ತದೆ. ಇಂಥದ್ದನ್ನು ನಡುವೆ ಕೇಳಿದರೆ ಅರ್ಧ ಸುಖ ಹೋಯಿತು.

ಒಂದೇ ಎಪಿಸೋಡು ಕೇಳಿ ತೀರ್ಪು ಕೊಡಬೇಡಿ, ಮೂರು ಕೇಳಿ. ವೇದಿಕೆಯ ಜೋಕು ಒಂದು ನಿಮಿಷದಲ್ಲಿ ಮುಗಿಯುತ್ತದೆ, ಪಾಡ್‌ಕಾಸ್ಟ್‌ನ ನಗು ಪರಿಚಯದಿಂದ ಬರುತ್ತದೆ. 2010ರಿಂದ ನಡೆಯುತ್ತಿರುವ 'ಮೈ ಬ್ರದರ್, ಮೈ ಬ್ರದರ್ ಆ್ಯಂಡ್ ಮಿ'ಯಲ್ಲಿ ಮೆಕ್‌ಎಲ್ರಾಯ್ ಮನೆಯ ಮೂವರು ಅಣ್ಣತಮ್ಮಂದಿರು ಜನರ ಪ್ರಶ್ನೆಗಳಿಗೆ ಕೆಲಸಕ್ಕೆ ಬಾರದ ಸಲಹೆ ಕೊಡುತ್ತಾರೆ. ಮೊದಲ ಸಲ ಯಾವ ದನಿ ಯಾರದು ಅಂತಲೇ ತಿಳಿಯುವುದಿಲ್ಲ. ಮೂರನೆಯದರ ಹೊತ್ತಿಗೆ ಯಾರು ಮೊದಲು ನಗು ತಡೆಯಲಾಗದೆ ಸಿಡಿಯುತ್ತಾರೆ ಅಂತ ನಿಮಗೇ ಗೊತ್ತಿರುತ್ತದೆ. ಅದಕ್ಕೇ ನೀವೂ ನಗುತ್ತೀರಿ. ಮೂರರ ಮೇಲೂ ನಗು ಬರದಿದ್ದರೆ ಸುಮ್ನೆ ಬಿಟ್ಟುಬಿಡಿ, ಬೇರೆಯವರು ಎಷ್ಟೇ ಹೊಗಳಲಿ.

ಇನ್ನೊಂದು ಮುಖ್ಯ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕಾಮಿಡಿಯನ್ನು ಒಂದೂವರೆ ಸ್ಪೀಡಿನಲ್ಲಿ ಕೇಳಬೇಡಿ. ಪಾಕೆಟ್ ಕಾಸ್ಟ್ಸ್ ಅನ್ನುವ ಆ್ಯಪಿನಲ್ಲಿ 'ಟ್ರಿಮ್ ಸೈಲೆನ್ಸ್', ಓವರ್‌ಕಾಸ್ಟ್ ಅನ್ನುವ ಆ್ಯಪಿನಲ್ಲಿ 'ಸ್ಮಾರ್ಟ್ ಸ್ಪೀಡ್' ಅಂತ ಒಂದು ಸೌಲಭ್ಯವಿದೆ, ಮಾತಿನ ನಡುವಿನ ಮೌನವನ್ನು ಕತ್ತರಿಸುತ್ತದೆ. ಸುದ್ದಿಗೆ, ಪಾಠಕ್ಕೆ ಒಳ್ಳೆಯದು. ಹಾಸ್ಯದಲ್ಲಿ ಆ ಮೌನವೇ ಅರ್ಧ ಜೋಕು. ಒಬ್ಬ ಏನೋ ಅಸಂಬದ್ಧ ಹೇಳುತ್ತಾನೆ, ಎದುರಿನವನು ಎರಡು ಸೆಕೆಂಡು ಸುಮ್ಮನಿರುತ್ತಾನೆ, ಆಮೇಲೆ 'ಸರಿ' ಅನ್ನುತ್ತಾನೆ. ಆ ಎರಡು ಸೆಕೆಂಡು ತೆಗೆದರೆ ಉಳಿಯುವುದು ಬರೀ 'ಸರಿ'. ಕಾಮಿಡಿ ಶೋಗಳಿಗೆ ಮಾತ್ರ ಇದನ್ನು ಆಫ್ ಮಾಡಿಡಬಹುದು, ಎರಡೂ ಆ್ಯಪಿನಲ್ಲಿ ಶೋ ಪ್ರಕಾರ ಬೇರೆ ಬೇರೆ ಸೆಟ್ಟಿಂಗ್ ಇಡಲು ಬರುತ್ತದೆ. ಉಚ್ಚಾರಣೆ ಹಿಡಿಯಲು ಕಷ್ಟವಾದರೆ ಆ್ಯಪಲ್ ಪಾಡ್‌ಕಾಸ್ಟ್ಸ್‌ನಲ್ಲಿ 2024ರಿಂದ ಇಂಗ್ಲಿಷ್ ಶೋಗಳ ಮಾತು ಅಕ್ಷರದಲ್ಲೂ ಸಿಗುತ್ತದೆ. ತಪ್ಪಿಹೋದ ಸಾಲನ್ನು ಅಲ್ಲಿ ಓದಿಕೊಂಡು ಮತ್ತೆ ಕೇಳಿ.

ಈಗ ಬೇರೆಯವರಿಗೆ ಹೇಳುವುದು. 'ಸೂಪರ್ ಆಗಿದೆ ಕೇಳು' ಅಂದರೆ ಯಾರೂ ಕೇಳುವುದಿಲ್ಲ. ನೂರಾರು ಎಪಿಸೋಡಿರುವ ಶೋನ ಲಿಂಕು ಕಳಿಸಿದರೆ ಎಲ್ಲಿಂದ ಹಿಡಿಯಬೇಕು ಅಂತ ಅವರಿಗೆ ಗೊತ್ತಾಗಬೇಕಲ್ಲ. ಒಂದೇ ಎಪಿಸೋಡು ಕಳಿಸಿ. ಯಾವ ನಿಮಿಷದಿಂದ ಅಂತ ಬರೆಯಿರಿ. ಯಾಕೆ ಅವರಿಗೇ ಕಳಿಸುತ್ತಿದ್ದೀರಿ ಅಂತ ಒಂದು ಸಾಲು ಸೇರಿಸಿ. ಊಟದ ವಿಷಯ ಬಂದರೆ ಕಣ್ಣರಳಿಸುವ ಗೆಳತಿ ಇದ್ದರೆ 'ಆಫ್ ಮೆನು' ಕಳಿಸಿ. ಅದರಲ್ಲಿ ಕಮೆಡಿಯನ್‌ಗಳಾದ ಜೇಮ್ಸ್ ಅಕಾಸ್ಟರ್ ಮತ್ತು ಎಡ್ ಗ್ಯಾಂಬಲ್ ಒಂದು ಕನಸಿನ ಹೋಟೆಲು ನಡೆಸುತ್ತಾರೆ, ಅತಿಥಿ ತನ್ನ ಇಷ್ಟದ ಊಟವನ್ನು ಸ್ಟಾರ್ಟರ್‌ನಿಂದ ಸಿಹಿಯವರೆಗೆ ಆರಿಸಬೇಕು. ನಡುವೆ ಅಕಾಸ್ಟರ್ ಇದ್ದಕ್ಕಿದ್ದಂತೆ 'ಹಪ್ಪಳವೋ ಬ್ರೆಡ್ಡೋ' ಅಂತ ಕಿರುಚುತ್ತಾರೆ. ಗುಟ್ಟಾಗಿ ಇಟ್ಟಿರುವ ಒಂದು ಪದಾರ್ಥದ ಹೆಸರು ಅತಿಥಿಯ ಬಾಯಲ್ಲಿ ಬಂದರೆ ಹೋಟೆಲಿನಿಂದ ಆಚೆ ಹಾಕುತ್ತಾರೆ. ಇಷ್ಟು ಹೇಳಿದರೆ ಸಾಕು, ಅವರು ಕೇಳುತ್ತಾರೆ.

ಎಪಿಸೋಡಿನ ಪಕ್ಕ 'ಇ' ಗುರುತಿದ್ದರೆ ಬೈಗುಳ, ಪೋಲಿ ಮಾತು ಇದೆ ಅಂತ ಮೊದಲೇ ತಿಳಿಸಿ. ಮಕ್ಕಳನ್ನೋ ಮಾವನನ್ನೋ ಕೂರಿಸಿಕೊಂಡು ಕಾರಿನಲ್ಲಿ ಹಾಕಿಬಿಟ್ಟರೆ ಕಷ್ಟ. ಒಂದು ಸಲಕ್ಕೆ ಒಂದೇ ಕಳಿಸಿ, ಮರುದಿನವೇ 'ಕೇಳಿದೆಯಾ' ಅಂತ ಬೆನ್ನು ಹತ್ತಬೇಡಿ.

ಅಪ್ಪ-ಅಮ್ಮನಿಗೆ ಇವು ಯಾವುವೂ ಆಗುವುದಿಲ್ಲ. ಅವರ ನಗು ಕನ್ನಡದ್ದು. ಗಂಗಾವತಿ ಪ್ರಾಣೇಶ್ ಅವರ ಭಾಷಣವನ್ನು ಯೂಟ್ಯೂಬಿನಲ್ಲಿ ಹಾಕಿ, ಫೋನು ಪಕ್ಕಕ್ಕಿಟ್ಟು ಕೇಳಲು ಹೇಳಿ. ಅದು ಪಾಡ್‌ಕಾಸ್ಟ್ ಅಲ್ಲದಿದ್ದರೇನು, ಕಿವಿಗೇ ಅಂತ ಮಾಡಿದ ಹಾಸ್ಯ. ಬೀಚಿ ಅವರನ್ನು ಓದಿ ಬೆಳೆದವರು ಹತ್ತು ನಿಮಿಷದಲ್ಲಿ ಬಿದ್ದು ಬಿದ್ದು ನಗುತ್ತಾರೆ. ಕನ್ನಡ ಪಾಡ್‌ಕಾಸ್ಟ್‌ಗಳೂ ಇವೆ. 'ತಲೆ-ಹರಟೆ' 2018ರಲ್ಲಿ ಶುರುವಾಯಿತು, ಅದು ಹಾಸ್ಯದ್ದಲ್ಲ, ಗಂಭೀರ ವಿಷಯಗಳ ಒಳ್ಳೆಯ ಹರಟೆ. ಬರೀ ನಗಿಸಲು ಅಂತಲೇ ಇರುವವು ಕಡಿಮೆ. ಹುಡುಕುವಾಗ ಕನ್ನಡ ಅಕ್ಷರದಲ್ಲೂ ಹುಡುಕಿ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ, ಕೆಲವರು ಹೆಸರನ್ನು ಒಂದರಲ್ಲಿ ಮಾತ್ರ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಸ್ಟ್ಯಾಂಡಪ್, ಇಂಪ್ರೊವ್ ಮಾಡುವ ಲೋಲ್‌ಬಾಗ್‌ನಂಥ ತಂಡಗಳ ಕಲಾವಿದರ ಹೆಸರು ಹಾಕಿ ಹುಡುಕಿದರೆ ಅವರು ಅತಿಥಿಯಾಗಿ ಹೋದ ಮಾತುಕತೆಗಳು ಸಿಗಬಹುದು. ಹೊಸ ಕನ್ನಡ ಶೋ ಕಂಡರೆ ಆಡಿಯೋ ಸ್ವಲ್ಪ ಒರಟಾಗಿದ್ದರೂ ಮೂರು ಎಪಿಸೋಡು ಕೇಳಿ, ಯಾವ ಜಾಗದಲ್ಲಿ ನಗು ಬಂತು ಅಂತ ಅವರಿಗೇ ಒಂದು ಸಾಲು ಬರೆದು ಕಳಿಸಿ.