ಒಟಿಪಿ ಸಿಮ್‌ಗೆ ಕೀಪ್ಯಾಡ್ ಫೋನ್: ಮೋಸದ ಮೆಸೇಜಿಗೆ ನಾನು ಮಾಡಿದ ವ್ಯವಸ್ಥೆ

"ಎರಡೆರಡು ಫೋನ್ ಯಾರು ಹಿಡ್ಕೊಂಡು ಓಡಾಡ್ತಾರೆ ಮಾರಾಯ" ಅಂದವರೇ ಈಗ ಮನೆ ಹಿರಿಯರನ್ನು ನನ್ನ ಅಂಗಡಿಗೆ ಕಳಿಸುತ್ತಿದ್ದಾರೆ. ಉಳಿತಾಯದ ಅಕೌಂಟಿನ ಒಟಿಪಿ ಬರುವ ಸಿಮ್ಮನ್ನು ಬೇರೆ ಕೀಪ್ಯಾಡ್ ಫೋನಿಗೆ ಹಾಕಿ ನಾನು ಸೆಟ್ ಮಾಡಿಕೊಟ್ಟ ಯಾರ ದೊಡ್ಡ ಅಕೌಂಟಿನಿಂದಲೂ ಇದುವರೆಗೆ ಮೆಸೇಜಿನ ದಾರಿಯಲ್ಲಿ ಒಂದು ರೂಪಾಯಿ ಹೋಗಿಲ್ಲ. ರೀಚಾರ್ಜ್, ರಿಪೇರಿ ಮಾಡುವ ನಮ್ಮವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಲಿಂಕ್ ಒತ್ತಬೇಡಿ, ಒಟಿಪಿ ಹೇಳಬೇಡಿ ಅನ್ನುವ ಪಾಠ ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟಿದ್ದೇನೆ.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳುತ್ತೇನೆ. ನಂಬರ್ ಬ್ಲಾಕ್ ಮಾಡುವುದು ದಂಡ, ಮುಂದಿನ ಮೆಸೇಜ್ ಬೇರೆ ನಂಬರಿನಿಂದ ಬರುತ್ತೆ. 1909ಕ್ಕೆ ಹೇಳಿ ಡಿಎನ್‌ಡಿ (ಜಾಹೀರಾತು ಬೇಡ ಅನ್ನುವ ವ್ಯವಸ್ಥೆ) ಹಾಕಿಸಿದರೆ ನೋಂದಣಿ ಇರುವ ಕಂಪನಿಗಳ ಜಾಹೀರಾತು ಕಮ್ಮಿಯಾಗುತ್ತೆ, ಕಳ್ಳನಿಗೆ ಯಾವ ನೋಂದಣಿ? ಹೆಸರು ತೋರಿಸುವ ಆ್ಯಪ್‌ಗಳಲ್ಲಿ ಕಳ್ಳ ತಾನೇ "ಬೆಸ್ಕಾಂ ಆಫೀಸ್" ಅಂತ ಹೆಸರು ಕೊಟ್ಟುಕೊಳ್ಳಬಹುದು. ಸ್ಪ್ಯಾಮ್ ಫಿಲ್ಟರ್ ಬಿಗಿ ಮಾಡಿದರೆ ಸಹಕಾರಿ ಬ್ಯಾಂಕಿನ ನಿಜವಾದ ಮೆಸೇಜೇ ಅದರೊಳಗೆ ಹೋಗಿ ಕೂರುತ್ತೆ. ಒಬ್ಬ ಗಿರಾಕಿಗೆ ಸಾಲದ ಕಂತಿನ ನೆನಪೋಲೆ ಕಾಣಿಸದೆ ಐನೂರರ ಮೇಲೆ ದಂಡ ಬಿತ್ತು.

ಹಾಗಾಗಿ ಮೆಸೇಜ್ ತಡೆಯುವ ಆಸೆ ಬಿಟ್ಟು, ಬಂದರೂ ದುಡ್ಡು ಸಿಗದ ಹಾಗೆ ಮಾಡಿದೆ. ಅಡಿಕೆ ದುಡ್ಡು, ಪಿಂಚಣಿ, ಎಫ್‌ಡಿ ಇರುವ ಅಕೌಂಟಿಗೆ ಒಂದು ಹೊಸ ನಂಬರ್. ಆ ಸಿಮ್ ಕೀಪ್ಯಾಡ್ ಫೋನಿನಲ್ಲಿ, ಫೋನ್ ಮನೆಯಲ್ಲಿ. ದಿನದ ಖರ್ಚಿಗೆ ಇನ್ನೊಂದು ಅಕೌಂಟ್, ಅದರಲ್ಲಿ ಐದಾರು ಸಾವಿರ ಮಾತ್ರ. ಅದರ ನಂಬರ್ ಸ್ಮಾರ್ಟ್‌ಫೋನಿನಲ್ಲಿ, ಯುಪಿಐ ಅದಕ್ಕೆ ಮಾತ್ರ. ಯುಪಿಐ ಅಕೌಂಟ್ ಹುಡುಕುವುದು ಫೋನಿನೊಳಗಿನ ಸಿಮ್ ನಂಬರಿನಿಂದ, ಹಾಗಾಗಿ ದೊಡ್ಡ ಅಕೌಂಟ್ ಸ್ಮಾರ್ಟ್‌ಫೋನಿಗೆ ಕಾಣುವುದೇ ಇಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಎರಡೂ ಅಕೌಂಟ್ ಒಂದೇ ಬ್ಯಾಂಕಿನಲ್ಲಿ ಇದ್ದರೆ ಇದು ನಡೆಯಲ್ಲ. ಸಾಮಾನ್ಯವಾಗಿ ನಂಬರ್ ಸೇರಿರುವುದು ಅಕೌಂಟಿಗಲ್ಲ, ಒಬ್ಬ ಗಿರಾಕಿಗೆ ಒಂದೇ ಇರುವ ಕಸ್ಟಮರ್ ಐಡಿಗೆ, ಒಂದರಲ್ಲಿ ಬದಲಾಯಿಸಿದರೆ ಎರಡರಲ್ಲೂ ಬದಲಾಗುತ್ತೆ. ಬ್ಯಾಂಕೇ ಬೇರೆ ಇರಬೇಕು. ದೊಡ್ಡ ಅಕೌಂಟಿನ ಎಟಿಎಂ ಕಾರ್ಡಿನಲ್ಲಿ ಆನ್‌ಲೈನ್, ವಿದೇಶಿ ಬಳಕೆ, ಟ್ಯಾಪ್ (ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿ ಕಟ್ಟುವುದು) ಮೂರನ್ನೂ ಆಫ್ ಮಾಡಿಸಿ, ಬ್ರ್ಯಾಂಚಿನಲ್ಲೇ ಮಾಡಿಕೊಡುತ್ತಾರೆ.

ಖರ್ಚು: ಕೀಪ್ಯಾಡ್ ಫೋನಿಗೆ ಸಾವಿರದಿಂದ ಸಾವಿರದೈನೂರು. ರೀಚಾರ್ಜ್, ಡೇಟಾ ಇಲ್ಲದ ಕರೆ-ಎಸ್‌ಎಂಎಸ್ ಪ್ಯಾಕ್, 84 ದಿನಕ್ಕೆ ಸುಮಾರು ನಾನೂರೈವತ್ತು. ಜಿಯೋ ಸಿಮ್ ಹಳೆಯ 2ಜಿ ಸೆಟ್ಟಿನಲ್ಲಿ ನಡೆಯಲ್ಲ, 4ಜಿ ಕೀಪ್ಯಾಡೇ ಬೇಕು. ಅಂಥ ಎಷ್ಟೋ ಸೆಟ್ಟುಗಳಲ್ಲಿ ಇಂಟರ್‌ನೆಟ್ಟೂ ಯುಪಿಐಯೂ ಬಂದುಬಿಡುತ್ತೆ, ನಮ್ಮ ಉದ್ದೇಶವೇ ಹಾಳು. ನಾನು ಬೇರೆ ಕಂಪನಿ ಸಿಮ್ಮನ್ನೇ ಕೊಡುತ್ತೇನೆ. ರೀಚಾರ್ಜ್ ತಪ್ಪಿ ಸಿಮ್ ಸತ್ತರೆ ನಂಬರ್ ಇನ್ನೊಬ್ಬರ ಪಾಲಾಗುತ್ತೆ, ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಿ.

ಸ್ಮಾರ್ಟ್‌ಫೋನಿನಲ್ಲಿ ಐದು ನಿಮಿಷದ ಕೆಲಸ. ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಇಳಿಯದ ಹಾಗೆ, ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ತೆರೆದು ವಾಟ್ಸ್‌ಆ್ಯಪ್, ಕ್ರೋಮ್, ಟೆಲಿಗ್ರಾಂ, ಫೈಲ್ ಮ್ಯಾನೇಜರ್ ನಾಲ್ಕಕ್ಕೂ ಅನುಮತಿ ಆಫ್ ಮಾಡಿ. ಫೈಲ್ ಮ್ಯಾನೇಜರ್ ಮರೆತರೆ ಉಳಿದ ಮೂರೂ ವ್ಯರ್ಥ. ಪರ್ಮಿಷನ್ ಮ್ಯಾನೇಜರಿನಲ್ಲಿ ಎಸ್‌ಎಂಎಸ್ ತೆರೆದು ನೋಡಿ, ಮೆಸೇಜ್ ಓದುವ ಅನುಮತಿ ಪಡೆದ ಟಾರ್ಚ್, ಸಾಲದ ಆ್ಯಪ್ ಎಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ, ಅವುಗಳದ್ದನ್ನೂ ಆಫ್ ಮಾಡಿ.

ಮೆಸೇಜ್ ಗುರುತಿಸುವಾಗ ಒಳಗಿನ ಮಾತು ಓದುವುದಕ್ಕೂ ಮುಂಚೆ ಕಳಿಸಿದವರ ಸಾಲು ನೋಡಬೇಕು. ಅದರ ಮೊದಲ ಎರಡಕ್ಷರ ಮೊಬೈಲ್ ಕಂಪನಿ ಮತ್ತು ವಲಯ: "ಎಎಕ್ಸ್" ಅಂದರೆ ಏರ್‌ಟೆಲ್, ಕರ್ನಾಟಕ. "ವಿಎಂ" ಅಂದರೆ ವೊಡಾಫೋನ್, ಮುಂಬೈ. ಈ ಎರಡಕ್ಷರ ಬದಲಾಗುತ್ತಲೇ ಇರುತ್ತೆ, ಅದಕ್ಕೆ ಹೆದರಬೇಕಿಲ್ಲ. ನಡುವಿನದು ಸಂಸ್ಥೆ. ಕೊನೆಯ ಅಕ್ಷರ 2025ರಿಂದ ಬಂದದ್ದು: ಟಿ ವ್ಯವಹಾರ, ಎಸ್ ಸೇವೆ, ಪಿ ಜಾಹೀರಾತು, ಜಿ ಸರ್ಕಾರ. ಹತ್ತಂಕಿಯ ನಂಬರಿನಿಂದ "ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್" ಅಂತ ಬಂದರೆ ಅದರಲ್ಲಿ ನಿಮ್ಮ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಇದೆಯಾ ನೋಡಿ, ಇರಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೂ ಬಾಕಿ ಕಟ್ಟಿ ಅಂತ ಬರುತ್ತೆ. "ಹತ್ತು ಸಾವಿರ ಜಮಾ" ಅಂತ ಹತ್ತಂಕಿ ನಂಬರಿನಿಂದ ಬಂದು, ಹಿಂದೆಯೇ "ತಪ್ಪಿ ಬಂತು, ವಾಪಸ್ ಹಾಕಿ" ಅಂತ ಕರೆ ಬಂದರೆ ಬ್ಯಾಲೆನ್ಸ್ ನೋಡಿ, ಮೆಸೇಜ್ ನೋಡಬೇಡಿ.

ಕುತೂಹಲಕ್ಕೆ ಮೆಸೇಜಿನಲ್ಲಿ ಬಂದ ಒಂದು "ಆರ್‌ಟಿಒ ಚಲನ್" ಎಪಿಕೆಯನ್ನು (ಆ್ಯಪ್ ಇಳಿಸುವ ಫೈಲ್) ಸಿಮ್ ಇಲ್ಲದ ಹಳೆಯ ಸೆಟ್ಟಿಗೆ, ಬೇರೆಯೇ ವೈಫೈಯಲ್ಲಿ ಹಾಕಿ ನೋಡಿದೆ. ಮೊದಲು "ಅಪ್‌ಡೇಟ್" ಅಂತ ಇನ್ನೊಂದು ಆ್ಯಪ್ ಇಳಿಸಿತು, ಆಮೇಲೆ ಎಸ್‌ಎಂಎಸ್, ಫೋನ್, ನೋಟಿಫಿಕೇಷನ್ ಅನುಮತಿ ಕೇಳಿತು, ಐಕಾನ್ ಮಾಯವಾಯಿತು. ಕೊನೆಗೆ ಒಂದು ರೂಪಾಯಿ ಕಟ್ಟಲು ಕಾರ್ಡ್ ನಂಬರ್, ಪಿನ್ ಕೇಳುವ ಪುಟ. ಆ ಒಂದು ರೂಪಾಯಿ ಅವರಿಗೆ ಬೇಕಿಲ್ಲ, ಕಾರ್ಡ್ ವಿವರ ಬೇಕು. ಎಸ್‌ಎಂಎಸ್ ಅನುಮತಿ ಸಿಕ್ಕ ಆ್ಯಪ್ ಒಟಿಪಿಯನ್ನು ತಾನಾಗಿ ಅವರಿಗೆ ಕಳಿಸಿಬಿಡುತ್ತೆ, ಅದಕ್ಕೇ ಎಷ್ಟೋ ಜನ "ನಾನು ಯಾರಿಗೂ ಒಟಿಪಿ ಕೊಟ್ಟಿಲ್ಲ" ಅಂತ ಅಳುತ್ತಾ ಬರುತ್ತಾರೆ. ಅವರು ಹೇಳುವುದು ನಿಜ, ಬೈಯಬೇಡಿ. ಆ ಸೆಟ್ಟನ್ನು ಆಮೇಲೆ ಪೂರ್ತಿ ರೀಸೆಟ್ ಮಾಡಿದೆ. ಅಂಥ ಆ್ಯಪನ್ನು ಸೇಫ್ ಮೋಡಿನಲ್ಲಿ ಬೇಗ ಹಿಡಿಯುವ ನನ್ನದೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. ಓದುವವರಲ್ಲಿ ಕಳ್ಳರೂ ಇರುತ್ತಾರೆ.

ಸೋಂಕು ತಗುಲಿದ ಫೋನ್ ಬಂದರೆ ಅನ್‌ಇನ್‌ಸ್ಟಾಲ್ ಮಾಡುವ ಅವಸರ ಬೇಡ. ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನು ಬೇರೆಯಾಗಿ ಆಫ್ ಮಾಡಿ, ಎಷ್ಟೋ ಸೆಟ್ಟುಗಳಲ್ಲಿ ಅದು ಉಳಿದಿರುತ್ತೆ. ಸಿಮ್ ತೆಗೆದು ಅದು ನಡೆಯುವ ಕೀಪ್ಯಾಡ್ ಸೆಟ್ಟಿಗೆ ಹಾಕಿ. ಬ್ಯಾಂಕಿನ ಮೆಸೇಜ್ ಬರುತ್ತಲೇ ಇರುತ್ತೆ, ಕಳ್ಳನಿಗೆ ಹೋಗಲ್ಲ. ಅದರಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಆಮೇಲೆ ಬ್ಯಾಂಕಿಗೆ ಕರೆ ಮಾಡಿಸಿ. ಕೈಯಲ್ಲಿ ಮೊತ್ತ, ಸಮಯ, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಂಡಿರಲಿ. ಆರ್‌ಬಿಐ 2017ರಲ್ಲಿ ತಂದ ನಿಯಮದ ಪ್ರಕಾರ ಗ್ರಾಹಕನದೇ ಅಜಾಗ್ರತೆ ಆಗಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ದುಡ್ಡು ಬ್ಯಾಂಕಿನ ಹೊಣೆ, ಅದಕ್ಕೇ ದೂರಿನ ನಂಬರ್ ಮತ್ತು ಗಂಟೆ-ನಿಮಿಷ ಬರೆಸಿಕೊಳ್ಳದೆ ಫೋನ್ ಇಡಲು ಬಿಡಬೇಡಿ. ಅದೇ ಸೆಟ್ಟಿನಲ್ಲಿ *#21# ಒತ್ತಿ ಕಾಲ್ ಫಾರ್ವರ್ಡ್ ಆಗಿದೆಯಾ ನೋಡಿ, ಆಗಿದ್ದರೆ ##002# ಒತ್ತಿ ರದ್ದು ಮಾಡಿ. ರೀಸೆಟ್ ಕೊನೆಗೆ, ದೂರಿಗೆ ಬೇಕಾದ ಸ್ಕ್ರೀನಿನ ಫೋಟೋಗಳನ್ನು ನಿಮ್ಮ ಫೋನಿನಲ್ಲಿ ತೆಗೆದುಕೊಂಡ ಮೇಲೆ.