ಪ್ರಾಣಿಗಳ ಚಾನೆಲ್‌ಗೆ ಕನ್ನಡದಲ್ಲಿ ಪ್ರೋಮೋ ದನಿ ಕೊಟ್ಟ ನನ್ನ ಅನುಭವ

ಟಿವಿಯಲ್ಲಿ ಕಾಡುಪ್ರಾಣಿಗಳ ಕಾರ್ಯಕ್ರಮ ಬರುವ ಮುಂಚೆ "ಈ ಭಾನುವಾರ ರಾತ್ರಿ ಒಂಬತ್ತಕ್ಕೆ" ಅಂತ ಒಂದು ದನಿ ಕೇಳುತ್ತದಲ್ವಾ, ಆ ಕೆಲಸ ನನ್ನದು. ಇಡೀ ಸಾಕ್ಷ್ಯಚಿತ್ರಕ್ಕೆ ನಿರೂಪಣೆ ಕೊಡುವವರು ಬೇರೆ, ಅದನ್ನು ನೋಡೋಕೆ ಬನ್ನಿ ಅಂತ ಕರೆಯುವವರು ಬೇರೆ. ನನಗೆ ಸಿಗುವುದು ಮೂವತ್ತು ಸೆಕೆಂಡು, ಕೆಲವು ಸಲ ಹತ್ತೇ. ಹೇಗೆ ಶುರು ಮಾಡಿದಿರಿ, ಏನು ಕಲಿತಿರಿ ಅಂತ ಹೊಸಬರು ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಭದ್ರಾವತಿ ಆಕಾಶವಾಣಿಯಲ್ಲಿ ಕೆಲವು ವರ್ಷ ಕ್ಯಾಶುವಲ್ ಅನೌನ್ಸರ್ ಆಗಿದ್ದೆ. ಊರಿಗೆಲ್ಲ ಕೇಳಲಿ ಅಂತ ಕೂಗಬೇಡ, ಎದುರಿಗೆ ಒಬ್ಬರು ಕೂತಿದ್ದಾರೆ ಅಂದುಕೊಂಡು ಮಾತಾಡು ಅನ್ನೋದನ್ನು ಅಲ್ಲೇ ಕಲಿತೆ. ಆಮೇಲೆ ಬೆಂಗಳೂರಿಗೆ ಬಂದೆ. ಆಗ ಕನ್ನಡದಲ್ಲಿ ಇಂಥ ಕೆಲಸ ಕಡಿಮೆ. ದಶಕಗಳ ಕಾಲ ಇಲ್ಲಿ ಡಬ್ಬಿಂಗ್‌ಗೆ ವಿರೋಧ ಇತ್ತು, 2015ರಲ್ಲಿ ಡಬ್ಬಿಂಗ್ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೂ ಬಾಗಿಲು ತೆರೆದದ್ದು ನಿಧಾನವಾಗಿಯೇ. 2020ರ ಜೂನ್ 5ರಂದು ಡಿಸ್ಕವರಿಯಲ್ಲಿ 'ವೈಲ್ಡ್ ಕರ್ನಾಟಕ' ಬಂತು, ಕನ್ನಡದಲ್ಲಿ ರಿಷಬ್ ಶೆಟ್ಟಿಯವರ ನಿರೂಪಣೆ. ಅಮ್ಮ ಟಿವಿ ಮುಂದಿನಿಂದ ಏಳಲೇ ಇಲ್ಲ. ಅದುವರೆಗೆ ಅವರು ಅಂಥ ಚಾನೆಲ್‌ಗಳಲ್ಲಿ ಚಿತ್ರ ಮಾತ್ರ ನೋಡುತ್ತಿದ್ದರು, ಮಾತು ಅರ್ಥವಾಗುತ್ತಿರಲಿಲ್ಲ. ಆ ರಾತ್ರಿಯೇ ನಾನು ಈ ಕೆಲಸವನ್ನೇ ಹುಡುಕಬೇಕು ಅಂತ ನಿರ್ಧಾರ ಮಾಡಿದೆ.

ಲಾಕ್‌ಡೌನ್ ಕಾಲ, ಸ್ಟುಡಿಯೋಗಳು ಮುಚ್ಚಿದ್ದವು. ಬಟ್ಟೆ ಬೀರುವಿನ ಬಾಗಿಲು ತೆರೆದು, ಹಿಂದೆ ಎರಡು ಕಂಬಳಿ ಇಳಿಬಿಟ್ಟು, ಅದರ ನಡುವೆ ಮೈಕ್ ಇಟ್ಟುಕೊಂಡೆ. ಫ್ಯಾನ್ ಆಫ್, ಫ್ರಿಜ್ ಆಫ್. ಬೀದಿ ಸದ್ದು ಅಡಗಿದ ಮೇಲೆ, ರಾತ್ರಿ ಹನ್ನೊಂದರ ನಂತರ ಕೆಲಸ. ಪ್ರಾಣಿಗಳ ವಿಡಿಯೋ ಹಾಕಿ ಸದ್ದು ನಿಲ್ಲಿಸಿ, ಅದಕ್ಕೆ ನಾನೇ ಕನ್ನಡದಲ್ಲಿ ಸಾಲು ಬರೆದು ಓದುತ್ತಿದ್ದೆ. ಹೀಗೆ ಎರಡು ತಿಂಗಳು ಮಾಡಿ, ಕೊನೆಗೆ ಒಂದು ನಿಮಿಷದ ಡೆಮೋ ತಯಾರಿಸಿದೆ. ನಾಲ್ಕು ತುಣುಕು, ನಾಲ್ಕು ಬೇರೆ ಬೇರೆ ಭಾವ. ಹಿನ್ನೆಲೆ ಸಂಗೀತ ಹಾಕಲಿಲ್ಲ, ಕೇಳುವವರಿಗೆ ನಮ್ಮ ದನಿ ಬರಿಯಾಗಿ ಸಿಗಬೇಕು. ಫೈಲ್ 48 ಕಿಲೋಹರ್ಟ್ಸ್, 24 ಬಿಟ್, ವೇವ್, ಅಂದರೆ ಸದ್ದನ್ನು ಕುಗ್ಗಿಸದೆ ಉಳಿಸಿದ ಫೈಲ್. ಟಿವಿ ಕೆಲಸಕ್ಕೆ ಇದೇ ವಾಡಿಕೆ. ಎಂಪಿ3 ಕಳಿಸಿದರೆ ಹೊಸಬರು ಅಂತ ಅಲ್ಲೇ ಗೊತ್ತಾಗುತ್ತದೆ.

"ದನಿ ಚೆನ್ನಾಗಿದೆ ಮೇಡಂ, ಆದರೆ ಈ ಚಾನೆಲ್‌ಗಳಿಗೆ ಗಂಡಸರ ಗಡಸು ದನಿ ಬೇಕು" ಅಂತ ಸುಮಾರು ಕಡೆಯಿಂದ ಉತ್ತರ ಬಂತು. ಬೇಜಾರಾಯ್ತು, ನಿಜ. ಕೊನೆಗೆ ಒಬ್ಬ ಪ್ರೊಡ್ಯೂಸರ್ ಆನೆಗಳ ಮೇಲಿನ ಕಾರ್ಯಕ್ರಮದ ಪ್ರೋಮೋ ಕೊಟ್ಟರು. ಆನೆ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ, ಅದಕ್ಕೆ ಹೆಂಗಸಿನ ದನಿಯೇ ಸರಿ ಅಂತ ಅವರಿಗೇ ಅನ್ನಿಸಿತ್ತು. ಅಲ್ಲಿಂದ ಕೆಲಸ ಸಾಗಿತು.

ನನ್ನನ್ನು ಬದಲಾಯಿಸಿದ್ದು ಮಾತ್ರ ಒಂದು ತಪ್ಪು. ಆಫ್ರಿಕಾದ ಚೀತಾಗಳ ಕಾರ್ಯಕ್ರಮ. ಅನುವಾದವಾಗಿ ಬಂದ ಸ್ಕ್ರಿಪ್ಟ್‌ನಲ್ಲಿ "ಚಿರತೆಯ ಘರ್ಜನೆ ಕೇಳಲು ಸಿದ್ಧರಾಗಿ" ಅಂತ ಇತ್ತು. ಅವಸರದಲ್ಲಿ ಓದಿಬಿಟ್ಟೆ, ಪ್ರಸಾರವೂ ಆಯಿತು. ಮಾರನೇ ದಿನ ಊರಿಂದ ದೊಡ್ಡಪ್ಪನ ಫೋನು. "ಅದು ಚಿರತೆ ಅಲ್ಲ ಮಾರಾಯ್ತಿ. ಮುಖದ ಮೇಲೆ ಕಪ್ಪು ಗೆರೆ ಕಾಣ್ಲಿಲ್ವಾ ನಿಂಗೆ? ನಮ್ಮ ತೋಟಕ್ಕೆ ಬಂದು ನಾಯಿ ಹೊತ್ಕೊಂಡು ಹೋಗ್ತದಲ್ಲ, ಅದು ಚಿರತೆ." ನನಗೆ ಮಾತೇ ಬರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಚೀತಾಕ್ಕೆ ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ ಇಳಿದಿರುತ್ತದೆ, ಮೈಮೇಲೆ ಗಟ್ಟಿ ಕಪ್ಪು ಚುಕ್ಕೆ. ಚಿರತೆಯ ಚುಕ್ಕೆ ಹೂವಿನ ಹಾಗೆ ಗುಂಪು ಗುಂಪು. ಇನ್ನೊಂದು ತಪ್ಪು ಅವರೂ ಹೇಳಲಿಲ್ಲ, ನಾನೇ ಆಮೇಲೆ ಓದಿ ತಿಳಿದುಕೊಂಡೆ. ಚೀತಾಕ್ಕೆ ಘರ್ಜಿಸೋಕೆ ಬರುವುದೇ ಇಲ್ಲ. ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ, ಮರಿಗಳನ್ನು ಕರೆಯುವಾಗ ಹಕ್ಕಿಯಂತೆ ಚಿಲಿಪಿಲಿ ಅನ್ನುತ್ತದೆ. ಒಂದೇ ಸಾಲಿನಲ್ಲಿ ಎರಡು ಸುಳ್ಳು ಹೇಳಿದ್ದೆ, ಅದೂ ಎಷ್ಟೋ ಮನೆಗಳ ಮಕ್ಕಳಿಗೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಪ್ರಾಣಿಗೂ ನಮ್ಮಲ್ಲಿರುವ ಹೆಸರು, ಅದನ್ನು ಎಲ್ಲಿ ಹಾಗೆ ಕರೆಯುತ್ತಾರೆ, ಎಲ್ಲ ಬರೆಯುತ್ತೇನೆ. ಚೀತಾಕ್ಕೆ ಕನ್ನಡದಲ್ಲಿ ಸಿವಂಗಿ ಅನ್ನುವ ಹಳೆಯ ಹೆಸರಿದೆ, ಎಷ್ಟು ಚಂದದ ಹೆಸರು! ಆದರೆ 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕೂನೋ ಕಾಡಿಗೆ ತಂದಾಗಿನಿಂದ ಜನರ ಬಾಯಲ್ಲಿ ಚೀತಾ ಅಂತಲೇ ಕೂತಿದೆ. ಹಾಗಾಗಿ ಮೊದಲು ಚೀತಾ ಅಂತ ಹೇಳಿ, ಜಾಗ ಸಿಕ್ಕರೆ ಸಿವಂಗಿ ಸೇರಿಸುತ್ತೇನೆ. ಕಾಡೆಮ್ಮೆಗೆ ನಮ್ಮ ಕಡೆ ಕಾಟಿ. ಇನ್ನು ಸೀಳುನಾಯಿ, ಕಡವೆ, ಸಿಂಗಳೀಕ, ನೀರುನಾಯಿ, ಚಿಪ್ಪುಹಂದಿ. ಇವೆಲ್ಲ ಬಾಯಿಗೆ ತುಂಬಿಕೊಳ್ಳುವ ಹೆಸರುಗಳು, ಇಂಗ್ಲಿಷ್ ಹೆಸರು ಹೇಳುವ ಅಗತ್ಯವೇ ಇಲ್ಲ. ಆದರೆ ನಮ್ಮಲ್ಲಿ ಇಲ್ಲದ ಪ್ರಾಣಿಗೆ ನಮ್ಮ ಪ್ರಾಣಿಯ ಹೆಸರು ಅಂಟಿಸಬಾರದು. ಆಫ್ರಿಕಾದ ಹುಲ್ಲೆ ಜಾತಿಯ ವೈಲ್ಡ್‌ಬೀಸ್ಟ್ ಅನ್ನು ಕಾಡುಕೋಣ ಅಂತ ಬರೆದು ಕಳಿಸುತ್ತಾರೆ. ಕಾಡುಕೋಣ ಅಂದರೆ ನಮ್ಮ ಕಾಟಿಯೇ. ವೈಲ್ಡ್‌ಬೀಸ್ಟ್ ವೈಲ್ಡ್‌ಬೀಸ್ಟೇ ಆಗಿರಲಿ.

ಸ್ಕ್ರಿಪ್ಟ್ ಓದುವ ಮುಂಚೆ ತಿದ್ದೋದು ಈ ಕೆಲಸದ ಅರ್ಧ ಭಾಗ. ಇಂಗ್ಲಿಷ್ ಪ್ರೋಮೋದಲ್ಲಿ ಮೂವತ್ತು ಸೆಕೆಂಡಿಗೆ ಎಪ್ಪತ್ತು ಪದ ಇದ್ದರೂ ನಡೆಯುತ್ತದೆ. ಕನ್ನಡ ಪದ ಉದ್ದ, ಪ್ರತ್ಯಯ ಎಲ್ಲ ಅಂಟಿಕೊಂಡಿರುತ್ತದೆ. ನನ್ನ ಲೆಕ್ಕದಲ್ಲಿ ನಲವತ್ತೈದು ಪದ ದಾಟಿದರೆ ಉಸಿರು ಕಟ್ಟುತ್ತದೆ, ಕಾಡಿನ ಸದ್ದಿಗೆ ಜಾಗವೇ ಇರೋದಿಲ್ಲ. "ಕೇವಲ ನಮ್ಮ ಚಾನೆಲ್‌ನಲ್ಲಿ ಮಾತ್ರ" ಅಂತ ಬರೆದಿರುತ್ತಾರೆ. ಕೇವಲ ಅಂದ ಮೇಲೆ ಮಾತ್ರ ಯಾಕೆ? ಒಂದನ್ನು ತೆಗೆದರೆ ಅರ್ಧ ಸೆಕೆಂಡು ಉಳಿಯಿತು.

ಅದಕ್ಕಿಂತ ದೊಡ್ಡ ಕಷ್ಟ ಪದಗಳ ಸಾಲಿನದು. ಕೀನ್ಯಾದ ಮಾರಾ ನದಿಯ ಪ್ರೋಮೋ ಒಂದರಲ್ಲಿ "ಮೊಸಳೆಗಳಿಂದ ತುಂಬಿರುವ ನದಿಯನ್ನು ದಾಟಲು ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಸಜ್ಜಾಗಿವೆ" ಅಂತಿತ್ತು. ವ್ಯಾಕರಣಕ್ಕೆ ತಪ್ಪಿಲ್ಲ. ಆದರೆ ಚಿತ್ರದಲ್ಲಿ ಮೊಸಳೆ ಕಾಣುವುದು ಏಳನೇ ಸೆಕೆಂಡಿಗೆ, ನಾನು ಮೊದಲ ಪದದಲ್ಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ. ಅದನ್ನು ಹೀಗೆ ಮಾಡಿದೆ: "ಆಚೆ ದಡದಲ್ಲಿ ಹುಲ್ಲಿದೆ. ನಡುವೆ ನದಿ ಇದೆ. ನದಿಯೊಳಗೆ..." ಅಷ್ಟೇ. ಅಲ್ಲಿಗೆ ಸುಮ್ಮನಾದೆ, ನೀರಿನಿಂದ ಎರಡು ಕಣ್ಣು ಮೇಲೆ ಬಂದವು. ಮೊಸಳೆ ಅನ್ನುವ ಪದವನ್ನೇ ಹೇಳಲಿಲ್ಲ.

ಓದುವಾಗ ಬಾಯಿಗೂ ಮೈಕಿಗೂ ಒಂದು ಗೇಣು ದೂರ ಇಡುತ್ತೇನೆ, ಸ್ವಲ್ಪ ಓರೆಯಾಗಿ. ಭ, ಫ, ಖ ಬಂದಾಗ ಗಾಳಿ ನೇರ ಮೈಕಿಗೆ ಹೊಡೆದರೆ ಧಪ್ ಅನ್ನುತ್ತದೆ. ಭಾನುವಾರ ಅನ್ನುವ ಪದ ಪ್ರತಿ ಪ್ರೋಮೋದಲ್ಲೂ ಇರುವುದರಿಂದ ಇದನ್ನು ಅಭ್ಯಾಸ ಮಾಡಲೇಬೇಕು. ಮುಖ್ಯ ಸಾಲುಗಳಾದ ಮೇಲೆ ಟ್ಯಾಗ್‌ಗಳು: "ಈ ಭಾನುವಾರ", "ನಾಳೆ ರಾತ್ರಿ", "ಇಂದು ರಾತ್ರಿ", "ಈಗ". ಪ್ರೋಮೋ ಒಂದೇ, ಕೊನೆ ಮಾತ್ರ ಬೇರೆ ಬೇರೆ. ಇದನ್ನು ಹಾಜರಿ ಕೂಗಿದ ಹಾಗೆ ಓದಿ ಮುಗಿಸುವವರು ಜಾಸ್ತಿ. ಹಾಗೆ ಮಾಡಬೇಡಿ. ಭಾನುವಾರ ಇನ್ನೂ ದೂರ ಇದೆ, ಅಲ್ಲಿ ಕುತೂಹಲ ಸಾಕು. ಇಂದು ರಾತ್ರಿ ಅನ್ನುವಾಗ ಮನೆಯವರನ್ನು ಹೆಸರು ಹಿಡಿದು ಕರೆದಂತೆ ಇರಬೇಕು.

ಇತ್ತೀಚೆಗೆ ಮಂಗಟ್ಟೆ ಹಕ್ಕಿಯ ಪ್ರೋಮೋ ಬಂತು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ತುತ್ತು ಕೊಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಒಂಬತ್ತು ಸಾಲು ಇತ್ತು, ತ್ಯಾಗ, ಪ್ರೇಮ, ಬಂಧನ ಎಲ್ಲ ಸೇರಿಸಿ. ಊರಲ್ಲಿ ಮಂಗಟ್ಟೆ ತಲೆಯ ಮೇಲೆ ಹಾರಿ ಹೋದಾಗ ರೆಕ್ಕೆ ಬುಸ್ ಬುಸ್ ಅನ್ನುವುದನ್ನು ನಾನು ಕೇಳಿ ಬೆಳೆದವಳು, ಹಳೆಯ ಉಗಿಬಂಡಿ ಹೋದ ಹಾಗಿರುತ್ತದೆ ಆ ಸದ್ದು. ಆ ಸದ್ದು ಫೂಟೇಜ್‌ನಲ್ಲಿ ಚೆನ್ನಾಗಿ ಬಂದಿತ್ತು. ಪ್ರೊಡ್ಯೂಸರ್‌ಗೆ ಫೋನ್ ಮಾಡಿ, ಮೊದಲ ಐದು ಸೆಕೆಂಡು ನಾನು ಮಾತಾಡಲ್ಲ, ರೆಕ್ಕೆ ಸದ್ದು ಇರಲಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಒಪ್ಪಿದರು. ಒಂಬತ್ತು ಸಾಲು ಮೂರಕ್ಕೆ ಇಳಿಯಿತು. "ಅವಳು ಒಳಗಿದ್ದಾಳೆ. ಅವನು ಹೊರಗೆ. ನಡುವೆ ಒಂದು ಹಣ್ಣು ಹಿಡಿಸುವಷ್ಟು ಜಾಗ." ಆಮೇಲೆ ಟ್ಯಾಗ್.